ಬಾಣಂತಿ ಆರೈಕೆಯ ಸೇವೋದ್ಯಮ: ಮಾಸಿನ ಕ್ಯಾಪ್ಸೂಲು ಕಲಿಸುವ ಪಾಠ

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಗಾರಿಕೆಯನ್ನು ನಿಲ್ಲಿಸಿದ ನಂತರ ಕೋಲಾರ ಚಿನ್ನದ ಗಣಿ ಪ್ರದೇಶದ ವ್ಯಾಪಾರದ ಸ್ವರೂಪವೇ ಬದಲಾಯಿತು. ಗಣಿಯ ಸಂಬಳದ ದಿನವನ್ನು ನಂಬಿದ್ದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಅಂಗಡಿಗಳು ಹೊಸ ಗ್ರಾಹಕರನ್ನು ಹುಡುಕಬೇಕಾಯಿತು. ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿಬರುವ ಕುಟುಂಬಗಳೇ ಇಂದು ಈ ಭಾಗದ ಮಾರುಕಟ್ಟೆಯ ಮುಖ್ಯ ಆಧಾರಗಳಲ್ಲಿ ಒಂದು. ಇಂತಹ ಕುಟುಂಬಗಳಿಗೆ ಬೇಕಾಗಿರುವುದು ಸರಕು ಮಾತ್ರವಲ್ಲ, ಸೇವೆಯೂ ಹೌದು. ಅವುಗಳಲ್ಲಿ ಬಾಣಂತಿ ಮತ್ತು ಹಸುಗೂಸಿನ ಆರೈಕೆಯ ಸೇವೆ ಪ್ರಮುಖವಾದುದು.

ಈ ಕ್ಷೇತ್ರಕ್ಕೆ ಕಾಲಿಡಬಯಸುವ ಉದ್ದಿಮೆದಾರರು ವಿದೇಶಗಳಲ್ಲಿ ನಡೆಯುತ್ತಿರುವ ಸೇವೆಗಳತ್ತ ದೃಷ್ಟಿ ಹಾಯಿಸುವುದು ಸಹಜ. ಹೆರಿಗೆಯ ನಂತರ ಹೊರಬೀಳುವ ಮಾಸನ್ನು ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲಿನಲ್ಲಿ ತುಂಬಿ ತಾಯಿಗೇ ಸೇವಿಸಲು ಕೊಡುವ ಸೇವೆ ಅವುಗಳಲ್ಲಿ ಒಂದು. ಈ ಸೇವೆಯು ನಮ್ಮ ನಾಡಿನಲ್ಲಿ ಉದ್ದಿಮೆಯಾಗಲು ಯೋಗ್ಯವೇ? ಅಲ್ಲವಾದರೆ ಏಕಲ್ಲ? ಅದರ ಬದಲಿಗೆ ಬಾಣಂತಿಗೆ ನಿಜವಾಗಿ ಬೇಕಾದುದೇನು? ಈ ಮೂರು ಪ್ರಶ್ನೆಗಳ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

ಸೇವೆಯ ಸ್ವರೂಪ

ಮಾಸು ಅಥವಾ ಜರಾಯು ಎಂಬುದು ಗರ್ಭಸ್ಥ ಶಿಶುವಿಗೆ ತಾಯಿಯ ರಕ್ತದಿಂದ ಆಮ್ಲಜನಕ ಮತ್ತು ಪೋಷಕಾಂಶಗಳನ್ನು ಒದಗಿಸುವ, ಶಿಶುವಿನ ದೇಹದ ತ್ಯಾಜ್ಯವನ್ನು ತಾಯಿಯ ರಕ್ತಕ್ಕೆ ದಾಟಿಸುವ ಅಂಗ. ತಿಂಗಳು ತುಂಬಿದ ಹೆರಿಗೆಯಲ್ಲಿ ಇದರ ತೂಕ ಸುಮಾರು ಅರ್ಧ ಕಿಲೋಗ್ರಾಂ. ಅಮೆರಿಕದಲ್ಲಿ ಈ ಸೇವೆ ನೀಡುವವರು ಆಸ್ಪತ್ರೆಯಿಂದ ಅಥವಾ ಮನೆಯಿಂದ ಮಾಸನ್ನು ಪಡೆದು, ತೊಳೆದು, ಹಬೆಯಲ್ಲಿ ಬೇಯಿಸಿ ಇಲ್ಲವೇ ಹಸಿಯಾಗಿಯೇ ತೆಳುವಾಗಿ ಕತ್ತರಿಸಿ, ಒಣಗಿಸುವ ಯಂತ್ರದಲ್ಲಿಟ್ಟು, ನಂತರ ಪುಡಿ ಮಾಡಿ ಕ್ಯಾಪ್ಸೂಲುಗಳಲ್ಲಿ ತುಂಬುತ್ತಾರೆ. ಒಂದು ಮಾಸಿನಿಂದ ನೂರಕ್ಕೂ ಹೆಚ್ಚು ಕ್ಯಾಪ್ಸೂಲುಗಳು ದೊರೆಯುತ್ತವೆ. ಎದೆಹಾಲು ಹೆಚ್ಚುತ್ತದೆ, ರಕ್ತಹೀನತೆ ನೀಗುತ್ತದೆ, ಬಾಣಂತಿಯ ಮನೋಖಿನ್ನತೆ ದೂರವಾಗುತ್ತದೆ, ಬೇಗನೆ ಚೈತನ್ಯ ಮರಳುತ್ತದೆ ಎಂಬ ನಾಲ್ಕು ಭರವಸೆಗಳ ಮೇಲೆ ಈ ವ್ಯಾಪಾರ ನಿಂತಿದೆ.

ಮೇಲ್ನೋಟಕ್ಕೆ ಇದು ಲಾಭದಾಯಕವೆಂದು ತೋರುತ್ತದೆ. ಕಚ್ಚಾ ವಸ್ತುವಿಗೆ ಬೆಲೆಯಿಲ್ಲ. ಯಂತ್ರಕ್ಕೆ ಹೆಚ್ಚಿನ ಬಂಡವಾಳ ಬೇಡ. ಪ್ರತಿಯೊಂದು ಹೆರಿಗೆಯೂ ಒಂದು ಬೇಡಿಕೆಯೇ. ಆದರೆ ಲೆಕ್ಕದ ಪುಸ್ತಕ ತೆರೆಯುವ ಮೊದಲು ಉದ್ದಿಮೆದಾರನು ಮೂರು ಪರೀಕ್ಷೆಗಳನ್ನು ನಡೆಸಬೇಕು: ಭರವಸೆಗೆ ಆಧಾರವಿದೆಯೇ, ಸರಕು ಸುರಕ್ಷಿತವೇ, ಕಾನೂನು ಒಪ್ಪುತ್ತದೆಯೇ.

ಮೊದಲನೆಯ ಪರೀಕ್ಷೆ: ಭರವಸೆಗೆ ಆಧಾರ

ಇದು ಪ್ರಾಚೀನ ಸಂಪ್ರದಾಯವೆಂಬ ಮಾತು ಪ್ರಚಾರದಲ್ಲಿ ಕೇಳಿಬರುತ್ತದೆ. ಲಾಸ್ ವೇಗಾಸ್‌ನಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 179 ಸಮಾಜಗಳ ದಾಖಲೆಗಳನ್ನು ಪರಿಶೀಲಿಸಿದರು. ಹೆತ್ತ ತಾಯಿ ತನ್ನ ಮಾಸನ್ನು ತಾನೇ ಸೇವಿಸುವುದು ರೂಢಿಯ ಆಚರಣೆಯಾಗಿದ್ದ ಒಂದು ಸಮಾಜವೂ ಅವರಿಗೆ ಕಾಣಸಿಗಲಿಲ್ಲ. ಚೀನೀ ವೈದ್ಯ ಪದ್ಧತಿಯಲ್ಲಿ ಒಣಗಿಸಿದ ಮಾಸು ಔಷಧ ದ್ರವ್ಯವಾಗಿತ್ತೆಂಬುದು ನಿಜ. ಆದರೆ ಅದು ಬಾಣಂತಿಯ ಆಹಾರವಾಗಿರಲಿಲ್ಲ. ಚೀನಾದ ಅಧಿಕೃತ ಔಷಧಕೋಶವು ತನ್ನ 2015ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ನಾಯಿನರಿಗಳು ಕೆದಕದಂತೆ ಆಳವಾದ ಗುಂಡಿಯಲ್ಲಿ ಹೂಳುವುದೇ ವಾಡಿಕೆಯಾಗಿತ್ತು.

ಕಬ್ಬಿಣಾಂಶದ ವಿಷಯದಲ್ಲಿ ಅದೇ ವಿಶ್ವವಿದ್ಯಾಲಯದ ಸಂಶೋಧಕರು 23 ತಾಯಂದಿರ ಮೇಲೆ ಪ್ರಯೋಗ ನಡೆಸಿದರು. ಹತ್ತು ಮಂದಿಗೆ ಮಾಸಿನ ಕ್ಯಾಪ್ಸೂಲನ್ನೂ ಹದಿಮೂರು ಮಂದಿಗೆ ತೋರಿಕೆಗೆ ಅದರಂತೆಯೇ ಇದ್ದ ಮಾಂಸದ ಪುಡಿಯ ಕ್ಯಾಪ್ಸೂಲನ್ನೂ ನೀಡಲಾಯಿತು. ಎರಡು ಗುಂಪುಗಳ ಕಬ್ಬಿಣಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕಾರಣ ಸರಳವಾದುದು. ಒಂದು ಗ್ರಾಂ ಮಾಸಿನ ಪುಡಿಯಲ್ಲಿದ್ದ ಕಬ್ಬಿಣ 0.664 ಮಿಲಿಗ್ರಾಂ. ದಿನಕ್ಕೆ 3.3 ಗ್ರಾಂ ಸೇವಿಸಿದರೂ ದೊರೆಯುವುದು ಸುಮಾರು 2.2 ಮಿಲಿಗ್ರಾಂ ಮಾತ್ರ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಣಂತಿಗೆ 180 ದಿನಗಳವರೆಗೆ ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅಂದರೆ ಇಡೀ ದಿನದ ದುಬಾರಿ ಕ್ಯಾಪ್ಸೂಲಿಗಿಂತ ಈ ಒಂದು ಉಚಿತ ಮಾತ್ರೆಯಲ್ಲಿ ಇಪ್ಪತ್ತೇಳು ಪಟ್ಟು ಹೆಚ್ಚು ಕಬ್ಬಿಣ ದೊರೆಯುತ್ತದೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂತಹ ನಾಡಿನಲ್ಲಿ ಬಾಣಂತಿಯೊಬ್ಬಳು ಕ್ಯಾಪ್ಸೂಲನ್ನು ನಂಬಿ ಮಾತ್ರೆಯನ್ನು ಬಿಟ್ಟರೆ ಆಗುವ ನಷ್ಟ ಹಣಕ್ಕೆ ಮಾತ್ರ ಸೀಮಿತವಲ್ಲ.

ಮನೋಖಿನ್ನತೆಯ ವಿಷಯದಲ್ಲಿಯೂ 27 ತಾಯಂದಿರ ಮೇಲೆ ಇದೇ ಬಗೆಯ ಪ್ರಯೋಗ ನಡೆಯಿತು. ಕೆಲವು ಹಾರ್ಮೋನುಗಳ ಪ್ರಮಾಣದಲ್ಲಿ ಅಲ್ಪ ಬದಲಾವಣೆ ಕಂಡರೂ ತಾಯಂದಿರ ಮನಃಸ್ಥಿತಿ ಮತ್ತು ಆಯಾಸಗಳಲ್ಲಿ ಸ್ಪಷ್ಟವಾದ ಪ್ರಯೋಜನ ಕಾಣಲಿಲ್ಲ. ಇವು ಸಣ್ಣ ಪ್ರಯೋಗಗಳೆಂಬುದನ್ನು ಒಪ್ಪಬೇಕು. ಆದರೆ ಹಣ ಪಡೆದು ಭರವಸೆ ಮಾರುವವನೇ ಅದಕ್ಕೆ ಪುರಾವೆಯನ್ನೂ ಒದಗಿಸಬೇಕೆಂಬುದು ವ್ಯಾಪಾರದ ನ್ಯಾಯ. ಅಂತಹ ಪುರಾವೆ ಇಲ್ಲಿಲ್ಲ.

ಎರಡನೆಯ ಪರೀಕ್ಷೆ: ಸುರಕ್ಷತೆ

ಅಮೆರಿಕದ ಆರಿಗನ್ ರಾಜ್ಯದಲ್ಲಿ 2016ರಲ್ಲಿ ನಡೆದ ಒಂದು ಪ್ರಕರಣವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2017ರ ಜೂನ್ ತಿಂಗಳಲ್ಲಿ ವರದಿ ಮಾಡಿತು. ಹುಟ್ಟಿದ ಸ್ವಲ್ಪ ಸಮಯದಲ್ಲೇ ಉಸಿರಾಟದ ತೊಂದರೆಗೊಳಗಾದ ಮಗುವಿನ ರಕ್ತದಲ್ಲಿ ಗುಂಪು ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಹನ್ನೊಂದು ದಿನಗಳ ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳಿದ ಮಗು ಐದು ದಿನಗಳಲ್ಲೇ ಅದೇ ಸೋಂಕಿನಿಂದ ಮತ್ತೆ ಆಸ್ಪತ್ರೆ ಸೇರಿತು. ವಿಚಾರಿಸಿದಾಗ ತಾಯಿಯು ದಿನಕ್ಕೆ ಮೂರು ಬಾರಿ ಎರಡೆರಡು ಮಾಸಿನ ಕ್ಯಾಪ್ಸೂಲು ಸೇವಿಸುತ್ತಿದ್ದುದು ತಿಳಿಯಿತು. ಕ್ಯಾಪ್ಸೂಲನ್ನು ಪರೀಕ್ಷಿಸಿದಾಗ ಅದರಲ್ಲಿಯೂ ಅದೇ ಬ್ಯಾಕ್ಟೀರಿಯಾ ಇತ್ತು. ಮನೆಯ ಇತರರಿಂದಲೂ ಸೋಂಕು ತಗುಲಿರಬಹುದಾದ ಸಾಧ್ಯತೆಯನ್ನು ವರದಿ ತಳ್ಳಿಹಾಕಲಿಲ್ಲ. ಆದರೂ ಇಂತಹ ಕ್ಯಾಪ್ಸೂಲುಗಳ ಸೇವನೆ ಬೇಡವೆಂದೇ ಅದು ಸಲಹೆ ನೀಡಿತು.

ಉದ್ದಿಮೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಅಂಶ ಗುಣಮಟ್ಟದ ನಿಯಂತ್ರಣ. ಉಪ್ಪಿನಕಾಯಿಗಾಗಲಿ ಹಪ್ಪಳಕ್ಕಾಗಲಿ ಎಷ್ಟು ಉಪ್ಪು, ಎಷ್ಟು ತೇವಾಂಶ ಎಂಬ ಒಪ್ಪಿತ ಮಾನದಂಡವಿದೆ. ಮಾಸನ್ನು ಎಷ್ಟು ಉಷ್ಣತೆಯಲ್ಲಿ ಎಷ್ಟು ಹೊತ್ತು ಸಂಸ್ಕರಿಸಬೇಕೆಂಬುದಕ್ಕೆ ಮಾನದಂಡವೇ ಇಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ತಗ್ಗಿಸಲು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ 121 ನಿಮಿಷ ಬೇಕೆಂದು ಅದೇ ವರದಿ ಹೇಳುತ್ತದೆ. ಮನೆಯ ಅಡುಗೆಕೋಣೆಯಲ್ಲಿ ಇಂತಹ ನಿಯಂತ್ರಣ ಸಾಧಿಸಿ, ದಾಖಲಿಸಿ, ಹೊಣೆ ಹೊರುವುದು ಸುಲಭವಲ್ಲ. ಹೆಪಟೈಟಿಸ್, ಎಚ್‌ಐವಿ ಮುಂತಾದ ಸೋಂಕುಗಳಿಗೆ ಕೆಲಸಗಾರರೇ ಗುರಿಯಾಗುವ ಅಪಾಯವೂ, ಒಬ್ಬರ ಮಾಸು ಮತ್ತೊಬ್ಬರದರೊಡನೆ ಅದಲುಬದಲಾಗುವ ಅಪಾಯವೂ ಇದಕ್ಕೆ ಸೇರುತ್ತವೆ.

ಮೂರನೆಯ ಪರೀಕ್ಷೆ: ಕಾನೂನು

ಕರ್ನಾಟಕದಲ್ಲಿ ಹೆರಿಗೆಗಳ ಪೈಕಿ ಶೇಕಡ 97ರಷ್ಟು ಆಸ್ಪತ್ರೆಗಳಲ್ಲೇ ಆಗುತ್ತಿವೆಯೆಂದು ಮೇಲೆ ಹೇಳಿದ ಸಮೀಕ್ಷೆ ತಿಳಿಸುತ್ತದೆ. ಆದ್ದರಿಂದ ಮಾಸು ಮೊದಲು ಬೀಳುವುದು ಆಸ್ಪತ್ರೆಯ ಹೊಣೆಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಮಾನವ ದೇಹದ ಅಂಗಾಂಶವನ್ನು ಹಳದಿ ಚೀಲದಲ್ಲಿ ಹಾಕಿ, ಸಂಸ್ಕರಿಸದೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸದೆ, ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ಸುಡುವಿಕೆ, ಪ್ಲಾಸ್ಮಾ ಪೈರಾಲಿಸಿಸ್ ಅಥವಾ ನಿಗದಿತ ಸಂದರ್ಭಗಳಲ್ಲಿ ಆಳವಾದ ಹೂಳುವಿಕೆ, ಇವಿಷ್ಟೇ ಅದರ ವಿಲೇವಾರಿಯ ಮಾರ್ಗಗಳು. ಇಂತಹ ತ್ಯಾಜ್ಯವನ್ನು ಸಂಗ್ರಹಿಸಲು, ಸಾಗಿಸಲು, ಸಂಸ್ಕರಿಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಆಸ್ಪತ್ರೆಯ ಸಿಬ್ಬಂದಿಯೊಡನೆ ಗುಟ್ಟಾಗಿ ಏರ್ಪಾಡು ಮಾಡಿಕೊಂಡು ಮಾಸನ್ನು ಪಡೆಯುವ ವ್ಯಾಪಾರವು ಎರಡೂ ಕಡೆಯವರನ್ನು ಅಪರಾಧದ ಅಂಚಿಗೆ ತಳ್ಳುತ್ತದೆ.

ಮಾಸಿನಿಂದ ತಯಾರಾದ ಔಷಧಗಳು ಭಾರತದಲ್ಲಿ ಇಲ್ಲವೇ ಎಂಬ ಪ್ರಶ್ನೆ ಏಳಬಹುದು. ಕೋಲ್ಕತ್ತದ ಆಲ್ಬರ್ಟ್ ಡೇವಿಡ್ ಕಂಪನಿಯ ಪ್ಲಾಸೆಂಟ್ರೆಕ್ಸ್ ಇದಕ್ಕೆ ನಿದರ್ಶನ. ಆದರೆ ಅದು ಪರವಾನಗಿ ಪಡೆದ ಕಾರ್ಖಾನೆಯ ಔಷಧ. ಅದರ ಬಳಕೆಗೂ ಮಿತಿಯುಂಟು. ಮಾನವ ಮಾಸಿನ ಸಾರವನ್ನು ಗಾಯ ಮಾಯಲು ಮೇಲೆ ಲೇಪಿಸುವುದಕ್ಕೆ ಮತ್ತು ಕಿಬ್ಬೊಟ್ಟೆಯ ಅಂಗಗಳ ಉರಿಯೂತಕ್ಕೆ ಚುಚ್ಚುಮದ್ದಾಗಿ ನೀಡುವುದಕ್ಕೆ ಹೊರತುಪಡಿಸಿ ಬೇರೆಲ್ಲ ಮಾನವ ಬಳಕೆಯನ್ನು ಕೇಂದ್ರ ಸರ್ಕಾರವು 2011ರಲ್ಲಿ ನಿಷೇಧಿಸಿತು. ನುಂಗುವ ಕ್ಯಾಪ್ಸೂಲಿಗೆ ಈ ವಿನಾಯಿತಿಯಲ್ಲಿ ಸ್ಥಾನವಿಲ್ಲ.

ಇದರ ಮೇಲೆ ಜಾಹೀರಾತಿನ ಹೊಣೆಯೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಹಾಗೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಗಳು ದಾರಿತಪ್ಪಿಸುವ ಜಾಹೀರಾತನ್ನು ಶಿಕ್ಷಾರ್ಹವೆಂದು ಪರಿಗಣಿಸುತ್ತವೆ. ಹೀಗೆ ಮೂರು ಪರೀಕ್ಷೆಗಳಲ್ಲಿಯೂ ಮಾಸಿನ ಕ್ಯಾಪ್ಸೂಲು ಸೋಲುತ್ತದೆ.

ಬೇಡಿಕೆ ಸುಳ್ಳಲ್ಲ

ಸರಕು ತಪ್ಪಾದ ಮಾತ್ರಕ್ಕೆ ಬೇಡಿಕೆ ಸುಳ್ಳಾಗುವುದಿಲ್ಲ. ನಿತ್ರಾಣ, ರಕ್ತಹೀನತೆ, ಹಾಲಿನ ಚಿಂತೆ, ಮನಸ್ಸಿನ ಕುಗ್ಗುವಿಕೆ ಇವೆಲ್ಲವೂ ಬಾಣಂತಿಯ ನಿಜವಾದ ಕಷ್ಟಗಳು. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಮೈಸೂರು ಮೈನ್ಸ್, ಊರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ಸ್ ಲೈನುಗಳ ಕುಟುಂಬಗಳಿಗೆ ಗಣಿ ಆಸ್ಪತ್ರೆಯ ಆಸರೆಯಿತ್ತು. ಅಕ್ಕಪಕ್ಕದ ಮನೆಗಳ ಹಿರಿಯ ಹೆಂಗಸರು ಕೈಗೆಟಕುವ ದೂರದಲ್ಲಿದ್ದರು. ಇಂದು ಹೆರಿಗೆಗೆಂದು ಮಗಳು ತವರಿಗೆ ಬಂದರೆ ತಾಯಿಯೇ ಮುಂಜಾನೆಯ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೊರಡಬೇಕಾದ ಸ್ಥಿತಿ ಹಲವು ಮನೆಗಳಲ್ಲಿದೆ. ಎಣ್ಣೆಸ್ನಾನ ಮಾಡಿಸುವವರು, ಪಥ್ಯದ ಅಡುಗೆ ಮಾಡುವವರು, ಮಗುವನ್ನು ಎರಡು ಗಂಟೆ ನೋಡಿಕೊಂಡು ತಾಯಿಗೆ ನಿದ್ರೆಯ ಅವಕಾಶ ಕೊಡುವವರು ಬೇಕಾಗಿದ್ದಾರೆ. ಉದ್ದಿಮೆಯ ಅವಕಾಶವಿರುವುದು ಇಲ್ಲಿ.

ಸರ್ಕಾರದ ವ್ಯವಸ್ಥೆಗೆ ಇದು ಪರ್ಯಾಯವಲ್ಲ, ಪೂರಕ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡುವ ಕ್ರಮವಿದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಿಂದ ಪೌಷ್ಟಿಕ ಆಹಾರ ದೊರೆಯುತ್ತದೆ. ಈ ಭೇಟಿಗಳ ನಡುವಿನ ದಿನಗಳೇ ಖಾಸಗಿ ಸೇವೆಗೆ ಉಳಿದ ಕ್ಷೇತ್ರ.

ಸೇವೆಯ ರೂಪುರೇಷೆ

ಬಾಣಂತಿ ಆರೈಕೆಯ ಘಟಕವೊಂದು ಮೂರು ವಿಭಾಗಗಳಲ್ಲಿ ಕೆಲಸ ಮಾಡಬಹುದು.

ಮೊದಲನೆಯದು ಮನೆಭೇಟಿಯ ಸೇವೆ. ಇದಕ್ಕೆ ಅನುಭವವುಳ್ಳ ಹೆಂಗಸರು ಈ ಊರುಗಳಲ್ಲಿದ್ದಾರೆ. ಕೊರತೆಯಿರುವುದು ತರಬೇತಿಯದು. ಕೈ ತೊಳೆಯುವ ಕ್ರಮ, ಶಸ್ತ್ರಚಿಕಿತ್ಸೆಯ ಹೆರಿಗೆಯಾದವರಿಗೆ ವೈದ್ಯರ ಒಪ್ಪಿಗೆಯಿಲ್ಲದೆ ಹೊಟ್ಟೆ ತಿಕ್ಕಬಾರದೆಂಬ ಎಚ್ಚರ, ಮಗುವಿನ ಮೂಗು ಕಿವಿಗಳಿಗೆ ಎಣ್ಣೆ ಬಿಡಬಾರದೆಂಬ ನಿಯಮ ಇವುಗಳನ್ನು ಕಲಿಸಬೇಕು. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು, ಹಸುಗೂಸಿಗೆ ಜೇನು ನೆಕ್ಕಿಸುವುದು ಮುಂತಾದ ಹಳೆಯ ರೂಢಿಗಳನ್ನು ಬಿಡಿಸಬೇಕು.

ಎರಡನೆಯದು ಪಥ್ಯದ ಆಹಾರ. ಅಂಟಿನ ಉಂಡೆ, ಮೆಂತ್ಯದ ಉಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಮೆಣಸಿನ ಸಾರು, ರಾಗಿಯ ತಿನಿಸುಗಳಿಗೆ ಬೇಡಿಕೆಯಿದೆ. ತಯಾರಕರು 2006ರ ಆಹಾರ ಸುರಕ್ಷತೆ ಕಾಯಿದೆಯಡಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಸೌಭಾಗ್ಯ ಶುಂಠಿಯಂತಹ ಲೇಹ್ಯ ತಯಾರಿಸಿ ಮಾರುವುದಾದರೆ ಅದು ಆಹಾರವಲ್ಲ, ಔಷಧ. ಅದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಡಿ ಆಯುರ್ವೇದ ತಯಾರಿಕಾ ಪರವಾನಗಿ ಬೇಕು. ಈ ವ್ಯತ್ಯಾಸ ತಿಳಿಯದೆ ತೊಂದರೆಗೆ ಸಿಲುಕುವುದು ಸುಲಭ.

ಮೂರನೆಯದು ಬಾಣಂತಿ ಮತ್ತು ಮಗುವಿನ ಸಾಮಗ್ರಿಗಳ ಕಿಟ್. ಹತ್ತಿಬಟ್ಟೆ, ಸಾಬೂನು, ಸೊಳ್ಳೆಪರದೆ ಮುಂತಾದುವನ್ನು ಸೇರಿಸಬಹುದು. ಆದರೆ ಹಾಲುಪುಡಿಯ ಡಬ್ಬಿಯನ್ನಾಗಲಿ ಹಾಲೂಡಿಸುವ ಬಾಟಲಿಯನ್ನಾಗಲಿ ಉಡುಗೊರೆಯಾಗಿ ಇಡಕೂಡದು. ಶಿಶು ಹಾಲಿನ ಬದಲಿಗಳ ಕುರಿತ 1992ರ ಕಾಯಿದೆಯು ಅವುಗಳ ಪ್ರಚಾರವನ್ನು ನಿಷೇಧಿಸಿದೆ.

ಈ ಪ್ರದೇಶದಲ್ಲಿ ಕನ್ನಡದೊಡನೆ ತಮಿಳು, ತೆಲುಗು, ಉರ್ದು ಮಾತೃಭಾಷೆಯ ಕುಟುಂಬಗಳಿರುವುದರಿಂದ ಸೂಚನಾಪತ್ರಗಳು ನಾಲ್ಕು ಭಾಷೆಗಳಲ್ಲಿರುವುದು ಹಿತ.

ಲೆಕ್ಕದ ಒಂದು ಮಾದರಿ

ಕೆಳಗಿನ ಅಂಕಿಗಳು ಕಲಿಕೆಗಾಗಿ ಊಹಿಸಿದವು. ಪ್ರತಿಯೊಬ್ಬರೂ ತಮ್ಮ ಊರಿನ ದರವನ್ನು ಹಾಕಿಕೊಂಡು ಲೆಕ್ಕ ಮಾಡಬೇಕು. ವೇತನವು ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು.

ಎರಡು ಗಂಟೆಯ ಒಂದು ಭೇಟಿಗೆ ಶುಲ್ಕ ₹500 ಇರಲಿ. ಸಹಾಯಕಿಯ ತಿಂಗಳ ವೇತನ ₹20,000, ತರಬೇತಿ, ದೂರವಾಣಿ, ವಿಮೆಗಳಿಗೆ ₹3,000 ಎಂದಿಟ್ಟುಕೊಂಡರೆ ಸ್ಥಿರ ವೆಚ್ಚ ₹23,000. ಪ್ರತಿ ಭೇಟಿಗೆ ಸಾಮಗ್ರಿ ₹50 ಮತ್ತು ಪ್ರಯಾಣ ₹40 ಸೇರಿ ಬದಲಾಗುವ ವೆಚ್ಚ ₹90. ತಿಂಗಳಿಗೆ 26 ಕೆಲಸದ ದಿನಗಳು.

ದಿನಕ್ಕೆ ಎರಡು ಮನೆಗಳಾದರೆ 52 ಭೇಟಿ. ಆದಾಯ ₹26,000, ವೆಚ್ಚ ₹27,680, ನಷ್ಟ ₹1,680. ದಿನಕ್ಕೆ ಮೂರು ಮನೆಗಳಾದರೆ 78 ಭೇಟಿ. ಆದಾಯ ₹39,000, ವೆಚ್ಚ ₹30,020, ಉಳಿತಾಯ ₹8,980. ಪ್ರತಿ ಭೇಟಿಯಿಂದ ಸ್ಥಿರ ವೆಚ್ಚಕ್ಕೆ ದೊರೆಯುವುದು ₹410. ಆದ್ದರಿಂದ ಲಾಭನಷ್ಟಗಳು ಸಮವಾಗಲು ಸುಮಾರು 57 ಭೇಟಿಗಳು ಬೇಕು.

ಮೂರನೆಯ ಮನೆ ದೊರೆಯುವುದೋ ಇಲ್ಲವೋ ಎಂಬುದರ ಮೇಲೆ ಉದ್ದಿಮೆಯ ಅಳಿವು ಉಳಿವು ನಿಂತಿದೆಯೆಂಬುದು ಇದರಿಂದ ತಿಳಿಯುತ್ತದೆ. ಮೂರು ಮನೆಗಳೂ ಒಂದೇ ಬಡಾವಣೆಯಲ್ಲಿದ್ದರೆ ಪ್ರಯಾಣದ ವೆಚ್ಚವೂ ವೇಳೆಯೂ ಉಳಿಯುತ್ತವೆ. ಆದುದರಿಂದ ಆರಂಭದಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕೈಚಾಚುವ ಬದಲು ಒಂದೇ ಪೇಟೆಯಲ್ಲಿ ನೆಲೆಯೂರುವುದು ಲೇಸು. ಉಳಿತಾಯ ಕಡಿಮೆಯೆಂದು ತೋರಿದಾಗಲೇ ಮಾಸಿನ ಕ್ಯಾಪ್ಸೂಲಿನಂತಹ ಹೆಚ್ಚು ಬೆಲೆಯ ‘ವಿಶೇಷ ಸೇವೆ’ಯ ಆಕರ್ಷಣೆ ಹುಟ್ಟುತ್ತದೆ ಎಂಬುದನ್ನೂ ನೆನಪಿಡಬೇಕು.

ಅಪಾಯದ ಚಿಹ್ನೆಗಳು

ಸಹಾಯಕಿಯು ವೈದ್ಯಳಲ್ಲ. ಆದರೆ ದಿನವೂ ಬಾಣಂತಿಯನ್ನು ಕಾಣುವ ಹೊರಗಿನ ವ್ಯಕ್ತಿ ಅವಳೊಬ್ಬಳೇ ಆಗಿರಬಹುದು. ಹೆಚ್ಚಿನ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತೀವ್ರ ತಲೆನೋವು, ಫಿಟ್ಸ್, ಒಂದು ಕಾಲಿನ ಊತ ಮತ್ತು ನೋವು, ಉಸಿರಾಟದ ತೊಂದರೆ ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು. ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ ಇದೇ ಕ್ರಮ ಅನ್ವಯಿಸುತ್ತದೆ. ತುರ್ತು ವಾಹನಕ್ಕೆ 108 ಸಂಖ್ಯೆಯಿದೆ. ತಾಯಿ ಎರಡು ವಾರ ಕಳೆದರೂ ಅಳುತ್ತಲೇ ಇದ್ದರೆ, ನಿದ್ರೆಗೆಟ್ಟರೆ, ಮಗುವನ್ನು ಮುಟ್ಟಲು ಹಿಂಜರಿದರೆ ಅದನ್ನು ಸೋಮಾರಿತನವೆಂದಾಗಲಿ ದೃಷ್ಟಿಯೆಂದಾಗಲಿ ತಳ್ಳಿಹಾಕದೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಸಾಯುವ ಮಾತನ್ನಾಡಿದರೆ ಅಥವಾ ಮಗುವಿಗೆ ಕೇಡು ಮಾಡುವ ಮಾತನ್ನಾಡಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗುವನ್ನು ಜೊತೆಯಾಗಿಯೇ ದಾಖಲಿಸಿಕೊಳ್ಳುವ ಮನೋಚಿಕಿತ್ಸಾ ಘಟಕವಿದೆ.

ಉಪಸಂಹಾರ: ಐದು ಪ್ರಶ್ನೆಗಳು

ಯಾವುದೇ ಹೊಸ ಆರೋಗ್ಯ ಸಂಬಂಧಿ ಸೇವೆಯನ್ನು ಕೈಗೊಳ್ಳುವ ಮುನ್ನ ಉದ್ದಿಮೆದಾರರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೀಗಿವೆ:

1. ಗ್ರಾಹಕರಿಗೆ ನೀಡುವ ಭರವಸೆಗೆ ಪರೀಕ್ಷೆಗೆ ನಿಲ್ಲುವ ಪುರಾವೆಯಿದೆಯೇ?
2. ಇದೇ ಪ್ರಯೋಜನ ಸರ್ಕಾರದಿಂದ ಉಚಿತವಾಗಿ ಅಥವಾ ಅಗ್ಗವಾಗಿ ದೊರೆಯುತ್ತಿದೆಯೇ?
3. ತಯಾರಿಕೆಯ ಪ್ರತಿ ಹಂತವನ್ನೂ ಅಳೆದು ದಾಖಲಿಸುವ ಮಾನದಂಡವಿದೆಯೇ?
4. ಯಾವ ಕಾಯಿದೆಯಡಿ, ಯಾರಿಂದ, ಯಾವ ಅನುಮತಿ ಬೇಕು?
5. ಅನಾಹುತವಾದರೆ ಹೊಣೆ ಯಾರದು, ಅದನ್ನು ಹೊರುವ ಶಕ್ತಿಯಿದೆಯೇ?

ಮಾಸಿನ ಕ್ಯಾಪ್ಸೂಲು ಇವುಗಳಲ್ಲಿ ಒಂದಕ್ಕೂ ಸಮಾಧಾನಕರ ಉತ್ತರ ನೀಡುವುದಿಲ್ಲ. ಹದವಾದ ನೀರಿನ ಸ್ನಾನ, ಹೊತ್ತಿಗೆ ಸರಿಯಾದ ಊಟ, ನೆನಪಿಸಿ ನುಂಗಿಸಿದ ಕಬ್ಬಿಣದ ಮಾತ್ರೆ, ಎರಡು ಗಂಟೆಯ ನಿದ್ರೆ ಇವು ಐದಕ್ಕೂ ಉತ್ತರ ನೀಡುತ್ತವೆ. ಚಿಕ್ಕ ಊರಿನಲ್ಲಿ ಒಂದು ಮನೆಯ ಬಾಣಂತನ ಸುಸೂತ್ರವಾಗಿ ಮುಗಿದರೆ ಅದೇ ಮುಂದಿನ ಮೂರು ಮನೆಗಳಿಗೆ ಜಾಹೀರಾತು. ಒಂದು ಮಗುವಿಗೆ ಸೋಂಕು ತಗುಲಿದರೆ ಆ ಸುದ್ದಿ ಮರುದಿನದ ಮುಂಜಾನೆಯ ರೈಲಿನಲ್ಲಿಯೇ ಬಂಗಾರಪೇಟೆಯನ್ನು ದಾಟಿರುತ್ತದೆ.